ಉಪವಾಸದ ಶಾಸನಗಳೂ ದೇಹದ ಇಂಧನವೂ

ದೇಹದಲ್ಲಿ ಒಂದು ಅಗ್ನಿಯುಂಟೆಂಬುದು ನಮ್ಮವರಿಗೆ ಹಳೆಯ ಮಾತು. ಜಠರಾಗ್ನಿಯೆಂಬ ಶಬ್ದವೇ ಅದಕ್ಕೆ ಸಾಕ್ಷಿ. ಆ ಅಗ್ನಿಗೆ ಬೀಳುವ ಇಂಧನವಾವುದು, ಹೊರಗಿನಿಂದ ಏನೂ ಬೀಳದಾಗ ಅದು ಏನನ್ನು ಸುಡುವುದು ಎಂಬ ಪ್ರಶ್ನೆಗಳು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುವಲ್ಲ. ಹಾಸನದ ಸೀಮೆಯ ಚರಿತ್ರೆಯನ್ನು ಓದುವವನಿಗೂ ಅವು ಎದುರಾಗುತ್ತವೆ.

ಮೊದಲು ಆ ಸೀಮೆಯ ಊಟವನ್ನು ನೋಡೋಣ. ಅರಕಲಗೂಡಿನ ಹೊಲಗಳ ರಾಗಿ, ಹೊಳೆನರಸೀಪುರದ ಬಳಿ ಹೇಮಾವತಿಯ ಬಯಲಿನ ಭತ್ತ, ಹಾಸನದ ಆಲೂಗೆಡ್ಡೆ, ಈ ಮೂರೂ ಮುಖ್ಯವಾಗಿ ಪಿಷ್ಟವನ್ನು ಕೊಡತಕ್ಕವು. ಚನ್ನರಾಯಪಟ್ಟಣದ ತೆಂಗು ಕೊಬ್ಬನ್ನು ಕೊಡುತ್ತದೆ. ಅವರೆ, ಹುರುಳಿಗಳು ಮಾಂಸಖಂಡಗಳನ್ನು ಕಟ್ಟುವ ಸಸಾರಜನಕವನ್ನು ಒದಗಿಸುತ್ತವೆ. ಒಂದು ಗ್ರಾಮು ಪಿಷ್ಟದಿಂದ ಸುಮಾರು 4 ಕಿಲೊಕ್ಯಾಲೊರಿ ಶಾಖ ಹುಟ್ಟಿದರೆ, ಅಷ್ಟೇ ತೂಕದ ಕೊಬ್ಬಿನಿಂದ ಸುಮಾರು 9 ಹುಟ್ಟುತ್ತದೆ.

ಉಂಡದ್ದೆಲ್ಲವನ್ನೂ ದೇಹವು ಆಗಲೇ ಸುಡುವುದಿಲ್ಲ. ನಮ್ಮ ರೈತನು ನಿತ್ಯದ ಬಳಕೆಗೆ ಮನೆಯ ಗುಡಾಣದಲ್ಲಿ ಸ್ವಲ್ಪ ರಾಗಿಯನ್ನಿಟ್ಟು, ಮಿಕ್ಕುದನ್ನು ನೆಲದೊಳಗಿನ ಹಗೇವಿನಲ್ಲಿ ಹೂಳಿಡುತ್ತಿದ್ದನು. ಬಿತ್ತನೆಯ ಬೀಜವನ್ನು ಬೇರೆಯಾಗಿಯೇ ಕಾಪಾಡುತ್ತಿದ್ದನು. ದೇಹದ ಏರ್ಪಾಡೂ ಹೀಗೆಯೇ ಉಂಟು. ಯಕೃತ್ತಿನ ಗುಡಾಣದಲ್ಲಿ ಗ್ಲೈಕೋಜನ್ ರೂಪದ ಸಕ್ಕರೆ ನೂರು ಗ್ರಾಮಿನಷ್ಟಿದ್ದು, ಉಣ್ಣದಿದ್ದರೆ ಸುಮಾರು ಒಂದು ದಿನಕ್ಕೆ ಬರಿದಾಗುತ್ತದೆ. ಹಗೇವಿನಂತಿರುವ ಕೊಬ್ಬು ವಾರಗಟ್ಟಲೆ ಸಾಕಾಗುವುದು. ಮಾಂಸಖಂಡವಾದರೋ ಬೀಜದ ರಾಗಿ. ಅದನ್ನು ತಿಂದವನಿಗೆ ಮುಂದಿನ ಬೆಳೆಯಿಲ್ಲ.

ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ನಾವು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗೋಣ. ಅಲ್ಲಿಯ ಚಿಕ್ಕಬೆಟ್ಟದಲ್ಲಿ, ಸಲ್ಲೇಖನ ವ್ರತದಿಂದ ಆಹಾರವನ್ನು ತೊರೆದು ದೇಹವಿಟ್ಟವರ ಸ್ಮಾರಕಶಾಸನಗಳು ಅನೇಕವಾಗಿವೆ. ಅವುಗಳನ್ನು ಲೂಯಿ ರೈಸರು 1889ರಲ್ಲಿಯೂ, ಪರಿಷ್ಕರಿಸಿ ಆರ್. ನರಸಿಂಹಾಚಾರ್ಯರು 1923ರಲ್ಲಿಯೂ ಪ್ರಕಟಿಸಿದರು. ಕೆಲವು ಶಾಸನಗಳು ಉಪವಾಸದ ಅವಧಿಯನ್ನೂ ಹೇಳುತ್ತವೆ. ಕೂಗೆ ಬ್ರಹ್ಮದೇವರ ಕಂಬದ ಶಾಸನವು, ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ವ್ರತವನ್ನಾಚರಿಸಿ ಮಡಿದನೆನ್ನುತ್ತದೆ. ಅದು ಹತ್ತನೆಯ ಶತಮಾನದ ಮಾತು. ಹೊಯ್ಸಳ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಕಾಲವಾದ ಮೇಲೆ, ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ದೇಹವಿಟ್ಟಳೆಂದು ಮತ್ತೊಂದು ಶಾಸನವು ತಿಳಿಸುತ್ತದೆ.

ಮೂರು ದಿನವೆಲ್ಲಿ, ಒಂದು ತಿಂಗಳೆಲ್ಲಿ! ಮೂರು ದಿನಗಳಲ್ಲಿ ಗುಡಾಣ ಮಾತ್ರ ಬರಿದಾಗಿ ಹಗೇವಿನ ಬಾಯಿ ತೆರೆದಿರುತ್ತದೆ. ಬರಿಯ ಹಸಿವಿನಿಂದ ದೃಢಕಾಯನು ಅಷ್ಟರಲ್ಲಿ ಸಾಯಲಾರನು. ಆದಕಾರಣ ಮಾರಸಿಂಹನು ವ್ರತವನ್ನು ಕೈಕೊಳ್ಳುವಾಗಲೇ ಕ್ಷೀಣನಾಗಿದ್ದಿರಬೇಕು, ಇಲ್ಲವೆ ನೀರನ್ನೂ ತ್ಯಜಿಸಿರಬೇಕೆಂದು ನಾವು ಊಹಿಸಬಹುದು.

ಇನ್ನು ಒಂದು ತಿಂಗಳೆಂಬುದು ಕವಿಯ ಉತ್ಪ್ರೇಕ್ಷೆಯೋ? 1912ರಲ್ಲಿ ಮಾಲ್ಟಾ ದ್ವೀಪದ ಲೆವನ್‌ಜಿನ್ ಎಂಬವನು ಬಾಸ್ಟನ್ ನಗರದ ಪ್ರಯೋಗಶಾಲೆಯಲ್ಲಿ, ವಿಜ್ಞಾನಿ ಬೆನೆಡಿಕ್ಟನ ಕಣ್ಣೆದುರಿನಲ್ಲೇ, ಬಟ್ಟಿಯಿಳಿಸಿದ ನೀರನ್ನು ಮಾತ್ರ ಕುಡಿದು 31 ದಿನ ಉಪವಾಸವಿದ್ದನು. ಅವನ ತೂಕ ಸುಮಾರು 60 ಕಿಲೊಗ್ರಾಮಿನಿಂದ 47ಕ್ಕೆ ಇಳಿಯಿತು, ಆದರೆ ಜೀವ ಉಳಿಯಿತು. ಸಕ್ಕರೆಯನ್ನೇ ಬೇಡುವ ಮಿದುಳು ಅಷ್ಟು ದಿನ ಹೇಗೆ ಬಾಳಿತೆಂಬ ಸಮಸ್ಯೆಯನ್ನು 1967ರಲ್ಲಿ ಅದೇ ನಗರದ ಜಾರ್ಜ್ ಕಾಹಿಲ್ ಮತ್ತು ಅವನ ಸಂಗಡಿಗರು ಬಿಡಿಸಿದರು. ಕೊಬ್ಬು ಕರಗಿದಾಗ ಯಕೃತ್ತು ಕೀಟೋನುಗಳೆಂಬ ಪದಾರ್ಥಗಳನ್ನು ತಯಾರಿಸುತ್ತದೆ. ಮಿದುಳು ಬಹುಮಟ್ಟಿಗೆ ಅವುಗಳಿಂದಲೇ ಜೀವಿಸಲು ಕಲಿತು, ಬೀಜದ ರಾಗಿಯನ್ನು ಆದಷ್ಟು ಉಳಿಸುತ್ತದೆ. ಹೀಗಿರುವಾಗ ಮಾಚಿಕಬ್ಬೆಯ ತಿಂಗಳನ್ನು ಅಲ್ಲಗಳೆಯಲು ನಮಗೆ ಕಾರಣವಿಲ್ಲ.

ಆದರೆ ಈ ಅಗ್ನಿ ವ್ರತಿಯನ್ನೂ ದರಿದ್ರನನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮಳೆ ತಪ್ಪಿ ಮೈಸೂರು ಸೀಮೆ ಘೋರವಾದ ಬರಕ್ಕೆ ತುತ್ತಾಯಿತು. ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕಿಳಿಯಿತು. ವಲಸೆ ಹೋದವರೂ ಹುಟ್ಟದೆಯೇ ಹೋದ ಮಕ್ಕಳೂ ಈ ಇಳಿತದಲ್ಲಿ ಸೇರಿದ್ದಾರೆ. ಆದರೂ ಸತ್ತವರ ಸಂಖ್ಯೆ ಅಪಾರ. ಅರೆಹೊಟ್ಟೆಯಲ್ಲಿ ದುಡಿದ ಕೂಲಿಯವನ ಮೈಯಲ್ಲಿ ಹಗೇವೆಂಬುದು ಮೊದಲೇ ಇರಲಿಲ್ಲ. ಆದುದರಿಂದ ಅಗ್ನಿಯು ಬೇಗನೆ ಮಾಂಸಖಂಡಕ್ಕೆ ಕೈಹಾಕಿತು. ಹಾಗೆ ಸೊರಗಿದ ದೇಹಕ್ಕೆ ಸಾಂಕ್ರಾಮಿಕ ರೋಗವನ್ನು ತಡೆಯುವ ಶಕ್ತಿಯೆಲ್ಲಿ ಬರಬೇಕು?

ಮಾಚಿಕಬ್ಬೆಯ ಹೆಸರು, ವಂಶ, ಉಪವಾಸದ ಅವಧಿ ಎಲ್ಲವನ್ನೂ ಬೆಳಗೊಳದ ಕಲ್ಲು ಕಾಪಾಡಿಕೊಂಡು ಬಂದಿದೆ. ಬರದಲ್ಲಿ ಮಡಿದವರು ಗಣತಿಯ ಎರಡು ಸಂಖ್ಯೆಗಳ ನಡುವಣ ಅಂತರವಾಗಿ ಮಾತ್ರ ಉಳಿದರು. ಒಬ್ಬಳು ಅನ್ನವನ್ನು ತಾನಾಗಿ ಬಿಟ್ಟಳು; ಅವರನ್ನು ಅನ್ನವೇ ಬಿಟ್ಟಿತು. ಒಳಗೆ ಸುಟ್ಟ ಇಂಧನ ಇಬ್ಬರದೂ ಒಂದೇ. ಕಲ್ಲಿನ ಮೇಲಿರುವುದನ್ನು ಮಾತ್ರ ಚರಿತ್ರೆಯೆಂದುಕೊಂಡರೆ ಈ ಎರಡನೆಯವರನ್ನು ನಾವು ಮತ್ತೊಮ್ಮೆ ಕಳೆದುಕೊಳ್ಳುವೆವು.