ಹೊಸ ಯೆಜ್ಡಿ: ಈಗಲೇ ಕೊಳ್ಳಲೋ, ಕಾಯಲೋ?

ಗದಗ-ಬೆಟಗೇರಿಯಲ್ಲಿ ನನ್ನ ಓರಗೆಯವರು ಯೆಜ್ಡಿಯನ್ನು ಇವತ್ತಿಗೂ ಸದ್ದಿನಲ್ಲೇ ಗುರುತು ಹಿಡಿಯುತ್ತಾರೆ. ಅದು ನಮ್ಮ ನಾಡಿನ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲೇ ತಯಾರಿಸತೊಡಗಿತು. 1970ರ ದಶಕದಲ್ಲಿ ಆ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು.

ಹಳೆಯ ಯೆಜ್ಡಿಯ ಕಿಕ್ಕರ್ ನೋಡಬೇಕು. ಎಡಗಾಲಿನ ಗೇರ್ ಲಿವರೇ ಕಿಕ್ಕರ್! ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ತುಳಿದರೆ ಎಂಜಿನ್ ಶುರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎರಡೂ ಸೈಲೆನ್ಸರ್ ಬಿಚ್ಚಿ ಕಟ್ಟಿದ ಮಸಿ ಕೆರೆಯಬೇಕು. ಇಷ್ಟು ಕಲಿತವನಿಗೆ ಡಂಬಳ ದಾಟಿ ಮುಂಡರಗಿಯಾಗಲಿ, ಮುಳಗುಂದದ ಮೇಲೆ ಲಕ್ಷ್ಮೇಶ್ವರವಾಗಲಿ ದೂರ ಅನ್ನಿಸುತ್ತಿರಲಿಲ್ಲ.

1980ರ ದಶಕದಲ್ಲಿ ಜಪಾನಿ ತಂತ್ರದ 100 ಸಿಸಿ ಗಾಡಿಗಳು ಬಂದವು, ಜನ ಮೈಲೇಜ್ ಕೇಳತೊಡಗಿದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರ ಜನವರಿಯಲ್ಲಿ ಯೆಜ್ಡಿ ಮರಳಿತು, ಆದರೆ ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀಥಂಪುರದಿಂದ. ಆ ನೋವು ನನಗೆ ಇನ್ನೂ ಇದೆ.

2025ರಲ್ಲಿ ದೂರದ ಪ್ರಯಾಣದ ಯೆಜ್ಡಿ ಅಡ್ವೆಂಚರ್ ಹೊಸ ರೂಪ ತಾಳಿತು: 334 ಸಿಸಿ ಎಂಜಿನ್, ಮುಂದೆ ಜೋಡಿ ದೀಪ. ಮನಸ್ಸು ಈಗಲೇ ಕೊಳ್ಳು ಅನ್ನುತ್ತದೆ. ಆದರೂ ನಾನು ಕಾಯುತ್ತೇನೆ. ಹೊಸ ಮಾದರಿ ನಮ್ಮ ಕಡೆ ಒಂದು ಮಳೆಗಾಲ ಕಾಣಲಿ. ಶಿರಹಟ್ಟಿ ಸುತ್ತಿನ ಹೊಲದ ದಾರಿಯಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಗಾಡಿ ಹೇಗೆ ಎಳೆಯುತ್ತದೆ, ಬಿಡಿಭಾಗಗಳು ಗದಗಿನಲ್ಲೇ ಸಿಗುತ್ತವೆಯೋ ಹುಬ್ಬಳ್ಳಿಗೆ ಹೋಗಬೇಕೋ, ಇವೆರಡನ್ನೂ ಮೊದಲು ಕೊಂಡವರ ಹತ್ತಿರ ಕೇಳಿಯೇ ಹಣ ಕಟ್ಟುತ್ತೇನೆ.