ಹಳೆಯ ಪಿಕಪ್ಪಿಗೆ ಹೊಸ ಯಜಮಾನ

ಹಳೆಯ ಮೋಟಾರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅರಮನೆಯ ರೋಲ್ಸ್‌ರಾಯ್ಸ್, ದಿವಾನರ ಕಾರು, ಹೂಮಾಲೆ ಹಾಕಿಕೊಂಡು ಬೀದಿಯಲ್ಲಿ ಸಾಲಾಗಿ ಸಾಗುವ ವಿಂಟೇಜ್ ಕಾರುಗಳ ಮೆರವಣಿಗೆ. ಭತ್ತದ ಮೂಟೆ, ಬಾಳೆಗೊನೆ, ಬೆಲ್ಲದ ಅಚ್ಚು, ರೇಷ್ಮೆಗೂಡು ಹೊತ್ತು ತಿರುಗಿದ ಪಿಕಪ್ ಆ ಸಾಲಿನಲ್ಲಿ ಕಾಣುವುದು ಕಡಿಮೆ. ದುಡಿಯುವ ಎತ್ತಿಗೆ ಯಾರೂ ಜಾತಕ ಬರೆಸುವುದಿಲ್ಲ. ದುಡಿಯುವ ಗಾಡಿಯ ಕಥೆಯೂ ಅಷ್ಟೆ. ಕೈಲಾಗುವಷ್ಟು ದಿನ ದುಡಿದು, ಕೊನೆಗೆ ಗುಜರಿಗೆ ಹೋಗುವುದು ಅದರ ಹಣೆಬರಹ.

ಆದ್ದರಿಂದ ನಂಜನಗೂಡಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ, ಯಾವುದಾದರೂ ಹಳೆಯ ಗಿರಣಿಯ ಷೆಡ್ಡಿನಲ್ಲಿ ಮಳೆ ಬಿಸಿಲು ತಾಕದೆ ಉಳಿದ ಪಿಕಪ್ ಒಂದು ಸಿಕ್ಕರೆ ಅದು ನಿಜಕ್ಕೂ ಅಪರೂಪದ ವಸ್ತು. ಮೊದಲ ಬಾರಿಗೆ ಇಂಥ ಗಾಡಿ ಕೊಂಡವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: 'ಇದಕ್ಕೆ ಏನೇನು ಮಾಡಿಸಬಹುದು?' ಅಗಲವಾದ ಚಕ್ರ, ಹೊಳೆಯುವ ಬಣ್ಣ, ಹೊಸ ಡೀಸೆಲ್ ಎಂಜಿನ್ನು, ಪವರ್ ಸ್ಟೀರಿಂಗು ಎಂದು ಪಟ್ಟಿ ಬೆಳೆಯುತ್ತದೆ. ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದು, ಈ ಸೀಮೆಯ ಚರಿತ್ರೆಯಲ್ಲಿ ಸಿಗುವ ಉತ್ತರ ಇನ್ನೊಂದು. ಎರಡನೆಯದನ್ನು ಮೊದಲು ಕೇಳುವುದು ಒಳ್ಳೆಯದು.

ನಂಜನಗೂಡಿಗೆ ಮೈಸೂರಿನಿಂದ ರೈಲು ಬಂದದ್ದು 1891ರಲ್ಲಿ. 1926ರಲ್ಲಿ ಅದು ಚಾಮರಾಜನಗರದವರೆಗೆ ಮುಂದುವರಿಯಿತು. ಆದರೆ ಕಾವೇರಿ, ಕಪಿಲೆಯರು ಕೂಡುವ ತಿ. ನರಸೀಪುರಕ್ಕೆ ರೈಲು ಬರಲೇ ಇಲ್ಲ, ಇಂದಿಗೂ ಬಂದಿಲ್ಲ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು, ನಂಜನಗೂಡು ಕಡೆಯ ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು ಇಲ್ಲಿನ ಗದ್ದೆಗಳಿಗೆ ಹಿಂದಿನಿಂದಲೂ ನೀರುಣಿಸಿದವು. 1974ರಲ್ಲಿ ಕಬಿನಿ ಜಲಾಶಯದ ಕೆಲಸ ಮುಗಿದ ಮೇಲೆ ನೀರಾವರಿ ಇನ್ನಷ್ಟು ಹಬ್ಬಿತು. ಬೆಳೆ ಹೆಚ್ಚಿದಂತೆ ಅದನ್ನು ಮಂಡಿಗೆ ಸಾಗಿಸುವ ಚಿಂತೆಯೂ ಹೆಚ್ಚಿತು. ಎತ್ತಿನ ಗಾಡಿಗೆ ದೂರ ಹೆಚ್ಚು, ದೊಡ್ಡ ಲಾರಿಗೆ ಊರೊಳಗಿನ ದಾರಿ ಕಿರಿದು. ಇವೆರಡರ ನಡುವಿನ ಜಾಗಕ್ಕೆ ಹೇಳಿ ಮಾಡಿಸಿದ್ದು ಪಿಕಪ್.

ಈ ಗಾಡಿಗಳು ಬಂದ ಬಗೆಯೂ ಗಮನಿಸತಕ್ಕದ್ದು. ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆಯಿತು. ಹಡಗಿನಲ್ಲಿ ಬಂದ ಬಿಡಿಭಾಗಗಳು ಅಲ್ಲಿ ಷೆವರ್ಲೆ ಕಾರು, ಲಾರಿಗಳಾದವು. ಬೆಂಗಳೂರಿನಲ್ಲೇ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹಾಕಿದ ಯೋಜನೆ ಬ್ರಿಟಿಷ್ ಸರ್ಕಾರದ ಅಡ್ಡಿಯಿಂದ ಕೈಗೂಡಲಿಲ್ಲ. ಆ ಯೋಜನೆಯಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಡಾಡ್ಜ್, ಫಾರ್ಗೊ ಹೆಸರಿನ ಗಾಡಿಗಳು ಅಲ್ಲಿಂದ ಬಂದವು. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು.

ಭಾರ ಹೊರುವ ಗಾಡಿ ಎಷ್ಟೋ ವೇಳೆ ಪೂರ್ಣ ರೂಪದಲ್ಲಿ ಬರುತ್ತಿರಲಿಲ್ಲ. ಎಂಜಿನ್ನು, ಬಾನೆಟ್ಟು, ಚಕ್ರ, ಉದ್ದನೆಯ ಚಾಸಿ ಇಷ್ಟೇ ಬರುತ್ತಿತ್ತು. ಅದರ ಮೇಲೆ ಕ್ಯಾಬಿನ್ನು, ಹಿಂದಿನ ಹಲಗೆ ಬಾಡಿ ಕಟ್ಟುತ್ತಿದ್ದವರು ನಮ್ಮ ಬಡಗಿಗಳು, ಕಮ್ಮಾರರು. ಎತ್ತಿನ ಗಾಡಿಯ ಮೂಕಿ, ಅಚ್ಚು, ಹಲಗೆಗಳಲ್ಲಿ ಪಳಗಿದ ಕೈಗಳೇ ಡೆಟ್ರಾಯಿಟ್ಟಿನ ಕಬ್ಬಿಣದ ಮೇಲೆ ಗಟ್ಟಿಮರದ ತೊಲೆ ಕೂರಿಸಿದವು. ಅಂದರೆ ಈ ಗಾಡಿ ಹುಟ್ಟುವಾಗಲೇ ಅರ್ಧ ವಿದೇಶಿ, ಅರ್ಧ ಸ್ವದೇಶಿ. 'ಮೂಲರೂಪ' ಎಂಬ ಮಾತನ್ನು ಪಿಕಪ್ಪಿನ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕಾದದ್ದು ಈ ಕಾರಣಕ್ಕೆ.

ಮುಂದಿನ ಬದಲಾವಣೆಗಳನ್ನು ತಂದದ್ದು ಕಾಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆಗ ಬಸ್ಸು, ಲಾರಿಗಳ ಬೆನ್ನಿಗೆ ಎತ್ತರದ ಉರುಳೆಯೊಂದು ಬಂದು ಕುಳಿತಿತು. ಅದರಲ್ಲಿ ಇದ್ದಿಲನ್ನು ಅರೆಬರೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ; ಅದನ್ನು ಸೋಸಿ ತಣಿಸಿ ಎಂಜಿನ್ನಿಗೆ ಊಡಿದರೆ ಗಾಡಿ ಓಡುತ್ತದೆ. ಹೊರಡುವ ಮುನ್ನ ಕೈಯಿಂದ ಗಾಳಿಯಂತ್ರ ತಿರುಗಿಸಿ ಕೆಂಡ ಎಬ್ಬಿಸಬೇಕು; ಏರು ಸಿಕ್ಕರೆ ಏದುಸಿರು. ಹಿಂದಿನ ತಲೆಮಾರಿನವರು ಹೇಳುತ್ತಿದ್ದ 'ಇದ್ದಿಲು ಬಸ್ಸು' ಇದೇ. ಯುದ್ಧ ಮುಗಿದು ಪೆಟ್ರೋಲು ಸಿಕ್ಕಾಗ ಉರುಳೆ ಕಳಚಿತು, ಗಾಡಿ ಹಾಗೆಯೇ ಉಳಿಯಿತು. ಈ ಮಾತು ನೆನಪಿನಲ್ಲಿರಲಿ.

ಇಲ್ಲೇ ಪೂರ್ಣವಾಗಿ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಸ್ವತಂತ್ರ ಭಾರತದ ನೀತಿಯಲ್ಲಿ ಜಾಗವಿರಲಿಲ್ಲ. 1954ರಲ್ಲಿ ಜನರಲ್ ಮೋಟಾರ್ಸ್ ಜೋಡಣೆ ನಿಲ್ಲಿಸಿತು. ಷೆವರ್ಲೆ ಇಟ್ಟುಕೊಂಡವರಿಗೆ ಬಿಡಿಭಾಗಗಳ ಬರ ಶುರುವಾಯಿತು. ಕಾರ್ಖಾನೆ ಕೈಬಿಟ್ಟಾಗ ಲೇತ್ ಯಂತ್ರ ಕೈಹಿಡಿಯಿತು: ಬುಷ್ಷು ಹೊಸದಾಗಿ ಕಡೆದರು, ಮುರಿದ ಸ್ಪ್ರಿಂಗ್ ಪಟ್ಟಿಗೆ ಬೇರೆ ಗಾಡಿಯದನ್ನು ಹೊಂದಿಸಿದರು, ಹೆಚ್ಚು ಭಾರಕ್ಕೆ ಇನ್ನೊಂದು ಪಟ್ಟಿ ಸೇರಿಸಿದರು. 1973ರಲ್ಲಿ ಜಗತ್ತಿನಾದ್ಯಂತ ತೈಲದ ಬೆಲೆ ಏರಿದಾಗ ಪೆಟ್ರೋಲ್ ಪಿಕಪ್ ಸಾಕುವುದು ಆನೆ ಸಾಕಿದಂತಾಯಿತು. ಚೆನ್ನೈನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ನಿನಂಥವು ಎಷ್ಟೋ ಹಳೆಯ ಗಾಡಿಗಳ ಬಾನೆಟ್ಟಿನಡಿ ಸೇರಿಕೊಂಡವು.

ಈ ಬದಲಾವಣೆಗಳೆಲ್ಲ ಹೊಟ್ಟೆಪಾಡಿನವು. ಯಾರೂ ಸೊಗಸಿಗಾಗಿ ಇದ್ದಿಲು ಉರುಳೆ ಕಟ್ಟಲಿಲ್ಲ. ಆದ್ದರಿಂದಲೇ ಪ್ರತಿಯೊಂದು ಬೆಸುಗೆಯೂ ಒಂದು ದಾಖಲೆ: ಯಾವ ಕಾಲದಲ್ಲಿ ಯಾವುದು ದುಬಾರಿಯಾಗಿತ್ತು, ಯಾವುದು ಸಿಗುತ್ತಿರಲಿಲ್ಲ, ಯಾರ ಕೈಚಳಕ ಎಂಥದು ಎಂಬುದು ಅದರಲ್ಲಿದೆ. ಈ ತಾಲ್ಲೂಕುಗಳ ಸಾಗಾಟದ ಚರಿತ್ರೆಯನ್ನು ಯಾವ ಬಡಗಿಯೂ ಮೇಸ್ತ್ರಿಯೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಮರ, ತಗಡು, ಬಣ್ಣಗಳಲ್ಲಿ ಬರೆದಿಟ್ಟರು. ಚೆನ್ನಾಗಿ ಉಳಿದ ಪಿಕಪ್ ಎಂದರೆ ಆ ಬರಹದ ಉಳಿದ ಪ್ರತಿ.

ಹೊಸ ಯಜಮಾನ ಮೊದಲು ಮಾಡಬೇಕಾದದ್ದು ಅದನ್ನು ಓದುವುದು. ಬಾಗಿಲ ಮೇಲಿನ ಬಣ್ಣದ ಪದರದ ಕೆಳಗೆ ಹಳೆಯ ಮಂಡಿಯ ಹೆಸರು ಕೈಬರಹದಲ್ಲಿ ಇರಬಹುದು. ನೋಂದಣಿ ಸಂಖ್ಯೆ 'ಎಂವೈ' ಎಂದು ಆರಂಭವಾದರೆ ಅದು ಮೈಸೂರು ಸಂಸ್ಥಾನ ಅಥವಾ ರಾಜ್ಯದ ಕಾಲದ ಪದ್ಧತಿಯ ಗುರುತು. 'ಕೆಎ' ಬಂದದ್ದು 1988ರ ಮೋಟಾರು ವಾಹನ ಕಾಯ್ದೆ ಜಾರಿಯಾದ 1989ರ ನಂತರ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ನೋಂದಣಿ ಪತ್ರಕ್ಕೆ ಹೊಂದುತ್ತವೆಯೇ ನೋಡಬೇಕು. ಒಂದು ಬೋಲ್ಟು ಬಿಚ್ಚುವ ಮೊದಲೇ ಎಲ್ಲದರ ಫೋಟೊ ತೆಗೆದಿಡಬೇಕು. ಉಜ್ಜಿ ಹೊಸ ಬಣ್ಣ ಬಳಿಯುವುದಕ್ಕೆ ಎರಡು ದಿನ ಸಾಕು. ಉಜ್ಜಿಹೋದ ಹೆಸರನ್ನು ಮರಳಿ ತರಲು ಯಾರಿಂದಲೂ ಆಗದು.

ಕಾನೂನು ಕೂಡ ಈ ವಿಷಯದಲ್ಲಿ ಬಿಗಿಯಾಗಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಾದರೆ ನೋಂದಣಿ ಅಧಿಕಾರಿಯ ಅನುಮತಿ ಮೊದಲೇ ಬೇಕು. ಅದೇ ವರ್ಷದ ತಿದ್ದುಪಡಿಯಂತೆ, ಕಾನೂನು ಒಪ್ಪದ ಪ್ರತಿಯೊಂದು ಮಾರ್ಪಾಡಿಗೂ ಯಜಮಾನನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರದ ಗಾಡಿಗೆ ಮಾತ್ರ ಆ ಮನ್ನಣೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ರಸ್ತೆಗಿಳಿಸಬಹುದೇ ಹೊರತು ನಿತ್ಯ ಬಳಕೆಗೂ ಬಾಡಿಗೆಗೂ ಅಲ್ಲ. ಈ ನಿಯಮ ಸ್ವಂತ ಬಳಕೆಯ ವಾಹನಗಳನ್ನು ಉದ್ದೇಶಿಸಿದ್ದು. ಸರಕು ವಾಹನವಾಗಿ ನೋಂದಣಿಯಾದ ಪಿಕಪ್ ಆದರೆ, ಒಂದು ರೂಪಾಯಿ ಖರ್ಚು ಮಾಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಹಾಗಾದರೆ ಏನನ್ನೂ ಮುಟ್ಟಲೇಬಾರದೆ? ಹಾಗೇನಿಲ್ಲ. ಹಳೆಯ ವಾಹನ ಪ್ರಿಯರ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2013ರಲ್ಲಿ ಅಂಗೀಕರಿಸಿದ ಟೂರಿನ್ ಸನ್ನದು ಈ ಬಗ್ಗೆ ಸರಳ ಸೂತ್ರ ಕೊಡುತ್ತದೆ: ಮೊದಲು ಇರುವುದನ್ನು ಉಳಿಸಿ, ಬದಲಾವಣೆ ಅನಿವಾರ್ಯವಾದರೆ ಮರಳಿ ಬಿಚ್ಚಬಹುದಾದಂತೆ ಮಾಡಿ, ಮಾಡಿದ್ದನ್ನು ಬರೆದಿಡಿ. ಇದ್ದಿಲು ಉರುಳೆ ಕಳಚಿದ ಕಥೆಯೂ ಇದೇ ಸೂತ್ರ.

ಇದಕ್ಕೆ ಕಲ್ಲಿನ ಸಾಕ್ಷಿ ನಂಜನಗೂಡಿನಲ್ಲೇ ಇದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಟ್ಟಿದ ಸೇತುವೆ ಗಾಡಿ, ಕುದುರೆಗಳಿಗೆಂದು ಆದದ್ದು. ಒಂದೂವರೆ ಶತಮಾನದ ನಂತರ ಅದೇ ಸೇತುವೆಯ ಒಂದು ಪಕ್ಕದಲ್ಲಿ ಮೀಟರ್ ಗೇಜ್ ಹಳಿ ಬಂತು, ಇನ್ನೊಂದು ಪಕ್ಕದಲ್ಲಿ ರಸ್ತೆ ಉಳಿಯಿತು. ಹಳೆಯ ಕಮಾನುಗಳೇ ಹೊಸ ಭಾರ ಹೊತ್ತವು. ಬ್ರಾಡ್‌ಗೇಜ್ ಬಂದಾಗ ಅದರ ಮೈಯನ್ನು ಒಡೆದು ಹಿಗ್ಗಿಸಲಿಲ್ಲ. ರೈಲಿಗೆ ಪಕ್ಕದಲ್ಲಿ ಬೇರೆ ಸೇತುವೆ ಕಟ್ಟಿದರು. ಹೊರಬಲ್ಲಷ್ಟನ್ನು ಹೊರಿಸು, ಮೀರಿದರೆ ಬೇರೆ ದಾರಿ ನೋಡು ಎಂಬ ವಿವೇಕ ಅದರಲ್ಲಿದೆ.

ಪಿಕಪ್ಪಿಗೂ ಇದೇ ಅಳತೆ. ಜೀವಕ್ಕೆ ಸಂಬಂಧಿಸಿದ್ದನ್ನು ಮುಂದೂಡಬಾರದು: ಬ್ರೇಕಿನ ಕೊಳವೆ, ರಬ್ಬರ್ ವಾಷರು, ಬಿರುಕುಬಿಟ್ಟ ಟೈರು, ಸಿಪ್ಪೆ ಸುಲಿದ ವೈರು ಇವನ್ನು ಬದಲಿಸಲೇಬೇಕು. ಇಂಧನದ ಬದಲಾವಣೆಯೂ ಗಮನದಲ್ಲಿರಬೇಕು. ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ದೇಶದಲ್ಲಿ 2000ದ ಫೆಬ್ರುವರಿಯಲ್ಲಿ ನಿಂತಿತು. ಆ ಸೀಸವೇ ಹಳೆಯ ಎಂಜಿನ್ನುಗಳ ವಾಲ್ವ್ ಕೂರುವ ಜಾಗವನ್ನು ಸವೆತದಿಂದ ಕಾಪಾಡುತ್ತಿತ್ತು. ಎಂಜಿನ್ ಬಿಚ್ಚುವ ಸಂದರ್ಭ ಬಂದರೆ ಅಲ್ಲಿ ಗಟ್ಟಿ ಉಕ್ಕಿನ ಬಳೆ ಕೂರಿಸಬಹುದು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬಂದಿದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಒಂದು ಕಾಲಕ್ಕೆ ಬೆನ್ನ ಮೇಲೆ ಹೊತ್ತ ಕಬ್ಬು ಈಗ ಎಥನಾಲಾಗಿ ಹೊಟ್ಟೆಗೇ ಇಳಿದಿದೆ ಎನ್ನಬೇಕು. ಎಥನಾಲ್ ತಾಳುವ ಕೊಳವೆಗಳು ಅಗ್ಗವಾಗಿ ಸಿಗುತ್ತವೆ. ಹಾಕಿಸಿದರೆ ಗಾಡಿಯ ಗುರುತು ಕೆಡುವುದಿಲ್ಲ. ಚಾಸಿ ಕತ್ತರಿಸುವುದು, ಕ್ಯಾಬಿನ್ ಕೊಯ್ಯುವುದು, ಹಲಗೆ ಬಾಡಿ ಕಿತ್ತು ತಗಡು ಬಡಿಯುವುದು ಬೇರೆ ಮಾತು. ಅವು ಒಮ್ಮೆ ಆದರೆ ಆದವು.

ತೆಗೆದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ ಗೋಣಿಚೀಲದಲ್ಲಿಡುವುದು, ಹಿಂದಿನ ಯಜಮಾನರನ್ನೂ ಹಳೆಯ ಮೇಸ್ತ್ರಿಗಳನ್ನೂ ಕಂಡು ಯಾವ ಬದಲಾವಣೆ ಯಾವಾಗ ಆಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಹೊಸ ಬಣ್ಣಕ್ಕಿಂತ ಕಡಿಮೆ ಖರ್ಚಿನ ಕೆಲಸ. ಆ ಮೇಸ್ತ್ರಿಗಳಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಗಾಡಿಗೆ ಏನು ಹಾಕಿಸಬೇಕೆಂದು ಯೋಚಿಸಲು ಬೇಕಾದಷ್ಟು ಸಮಯವಿದೆ. ಅವರನ್ನು ಕೇಳಲು ಅಷ್ಟು ಸಮಯವಿಲ್ಲ.