ಗಾಳಿ–ಪೆಟ್ರೋಲಿನ ಹದ: ಕಾರ್ಬುರೇಟರಿನಿಂದ ಲ್ಯಾಂಬ್ಡಾ ಸಂವೇದಕದವರೆಗೆ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಸುಮಾರು 14.7 ಕಿಲೋಗ್ರಾಂ. ಗಾತ್ರದಲ್ಲಿ ಹೇಳುವುದಾದರೆ ಹನ್ನೆರಡು ಸಾವಿರ ಲೀಟರು! ಹಾಗಾದರೆ ಎಂಜಿನ್ನಿಗೆ ಅತ್ಯುತ್ತಮ ಹದ 14.7:1 ಎಂದು ನೀವು ಹೇಳಬಹುದು. ವಿಷಯ ಅಷ್ಟು ಸರಳವಲ್ಲ.

ಎಂಜಿನ್ ಗರಿಷ್ಠ ಶಕ್ತಿ ಕೊಡುವುದು ಸುಮಾರು 12.5:1 ಅನುಪಾತದಲ್ಲಿ. ಸಿಲಿಂಡರಿನೊಳಗೆ ಬಂದ ಆಕ್ಸಿಜನ್ ಎಲ್ಲವೂ ಬಳಕೆಯಾಗಬೇಕಾದರೆ ಪೆಟ್ರೋಲು ತುಸು ಹೆಚ್ಚಿರಬೇಕು. ಇಂಧನದ ಉಳಿತಾಯವೇ ಗುರಿಯಾದರೆ ಗಾಳಿ ತುಸು ಹೆಚ್ಚಿರಬೇಕು. ಆಗ ಅನುಪಾತ 16:1ರ ಆಸುಪಾಸು. ಅಂದರೆ 'ಅತ್ಯುತ್ತಮ' ಯಾವುದೆಂಬುದು ನಮ್ಮ ಗುರಿಯನ್ನು ಅವಲಂಬಿಸಿದೆ. ಈ ಗುರಿ ಬದಲಾದುದೇ ನಮ್ಮ ಕಥೆ.

ಕಾರ್ಲ್ ಬೆಂಜ್‌ನ ಮೊದಲ ಕಾರಿನಲ್ಲಿ ಗಾಳಿಯನ್ನು ಪೆಟ್ರೋಲಿನ ಮೇಲ್ಮೈಗೆ ತಾಗಿಸಿ ಆವಿಯನ್ನು ಒಯ್ಯಲಾಗುತ್ತಿತ್ತು. ಹವೆ ಬದಲಾದರೆ ಹದವೂ ಕೆಡುತ್ತಿತ್ತು. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಪೆಟ್ರೋಲನ್ನು ಸಣ್ಣ ರಂಧ್ರದಿಂದ ತುಂತುರಾಗಿ ಚಿಮ್ಮಿಸುವ ಕಾರ್ಬುರೇಟರನ್ನು ರೂಪಿಸಿದ. ಅದೇ ವರ್ಷ ಹಂಗೆರಿಯ ಬಾಂಕಿ ಮತ್ತು ಚೊಂಕಾ ತಮ್ಮ ಕಾರ್ಬುರೇಟರಿಗೆ ಪೇಟೆಂಟ್ ಪಡೆದರು. ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿದಾಗ ಒತ್ತಡ ಇಳಿಯುತ್ತದೆ, ಪೆಟ್ರೋಲು ಮೇಲೇರುತ್ತದೆ. ತರಗತಿಯಲ್ಲಿ ನೀವು ಕಲಿಸುವ ಬರ್ನೂಲಿ ತತ್ತ್ವವೇ ಇದು.

ಮುಂದೆ ಹಲವು ದಶಕಗಳ ಕಾಲ ಹದ ನೋಡುವ ಉಪಕರಣವೆಂದರೆ ಮೆಕ್ಯಾನಿಕ್‌ನ ಕಣ್ಣು, ಕಿವಿ. ಸ್ಪಾರ್ಕ್ ಪ್ಲಗ್ಗಿಗೆ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ, ತಿಳಿಗಂದು ಬಣ್ಣವಿದ್ದರೆ ಸರಿ. ಅದರಂತೆ ತಿರುಪನ್ನು ತಿರುಗಿಸಿದರಾಯಿತು.

1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ, ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳ ಹೊಗೆಯೂ ಮುಖ್ಯ ಕಾರಣವೆಂದು ತೋರಿಸಿದ. 1970ರಲ್ಲಿ ಅಮೆರಿಕ ಕಠಿಣ ಕಾನೂನು ತಂದಿತು. ಪೆಟ್ರೋಲು ಹೆಚ್ಚಾದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್. ಗಾಳಿ ತುಸು ಹೆಚ್ಚಾದರೆ ನೈಟ್ರೋಜನ್ ಆಕ್ಸೈಡುಗಳು. ಇವೆರಡನ್ನೂ ಒಟ್ಟಿಗೆ ನಿವಾರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಿದ್ಧವಾಯಿತಾದರೂ ಅದು ಚೆನ್ನಾಗಿ ಕೆಲಸ ಮಾಡುವುದು 14.7:1ರ ತೀರ ಸಮೀಪದಲ್ಲಿ ಮಾತ್ರ. ಇಷ್ಟು ನಿಖರತೆ ತಿರುಪಿಗೆ ಸಾಧ್ಯವಿರಲಿಲ್ಲ.

ನೆರವಿಗೆ ಬಂದುದು ಹಳೆಯ ಭೌತವಿಜ್ಞಾನ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ವಿದ್ಯುತ್ಕೋಶದ ವಿಭವಾಂತರಕ್ಕೆ ಸಮೀಕರಣವನ್ನು ಕೊಟ್ಟಿದ್ದ. ಮುಂದೆ ಜಿರ್ಕೋನಿಯಾದಂಥ ಆಕ್ಸೈಡುಗಳು ಕಾದಾಗ ವಿದ್ಯುತ್ತನ್ನು ಒಯ್ಯುವುದನ್ನು ಬಳಸಿ ದೀಪವನ್ನೂ ಮಾಡಿದ್ದ. ಲ್ಯಾಂಬ್ಡಾ ಸಂವೇದಕದಲ್ಲಿ ಇವೆರಡೂ ಕೂಡಿವೆ. ಜಿರ್ಕೋನಿಯಾದ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಎಂಜಿನ್ನಿನ ಬಿಸಿ ಹೊಗೆ. ಹೊಗೆಯಲ್ಲಿ ಆಕ್ಸಿಜನ್ ಇಲ್ಲವಾದಾಗ ಸುಮಾರು 0.9 ವೋಲ್ಟ್, ಉಳಿದಿದ್ದರೆ 0.1 ವೋಲ್ಟ್. ಈ ಜಿಗಿತ 14.7:1ರಲ್ಲೇ ಆಗುತ್ತದೆ! ಅದನ್ನು ಗಮನಿಸಿ ಎಲೆಕ್ಟ್ರಾನಿಕ್ ನಿಯಂತ್ರಕ ಪೆಟ್ರೋಲನ್ನು ಕೂಡಲೇ ಹೆಚ್ಚುಕಡಿಮೆ ಮಾಡುತ್ತದೆ. 1976ರಲ್ಲಿ ಬಾಷ್ ಕಂಪನಿಯ ಈ ಸಂವೇದಕ ವೋಲ್ವೊ ಕಾರುಗಳಲ್ಲಿ ಬಂದಿತು.

ಕನ್ವರ್ಟರಿನ ಪ್ಲಾಟಿನಮ್ಮನ್ನು ಪೆಟ್ರೋಲಿನಲ್ಲಿದ್ದ ಸೀಸ ಹಾಳುಮಾಡುತ್ತಿತ್ತು. ಮಕ್ಕಳ ಮಿದುಳಿಗೂ ಅಪಾಯಕಾರಿಯಾದ ಆ ಸೀಸವನ್ನು ಕೈಬಿಡಲು ಇದೂ ಒಂದು ಕಾರಣವಾಯಿತು. ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲು ನಿಂತಿತು. 2020ರ ಭಾರತ್ ಸ್ಟೇಜ್ 6 ನಿಯಮಗಳ ನಂತರ ನಮ್ಮ ಹೊಸ ಬೈಕು, ಸ್ಕೂಟರುಗಳಲ್ಲೂ ಕಾರ್ಬುರೇಟರಿನ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದಿದೆ.

ಹದದ ಪ್ರಶ್ನೆ ಮುಗಿದಿಲ್ಲ. ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲಿನ ಅಣುವಿನಲ್ಲೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಒಂಬತ್ತು ಪಟ್ಟು ಮಾತ್ರ. ಹಾಗಾದರೆ ಈ ಮಿಶ್ರಣಕ್ಕೆ ಸರಿಯಾದ ಅನುಪಾತವೆಷ್ಟು? ಹಳೆಯ ಕಾರ್ಬುರೇಟರು ಇದನ್ನು ತಾನಾಗಿ ಸರಿದೂಗಿಸಬಲ್ಲುದೇ? ನಿಮ್ಮ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಉತ್ತರ 13.5ರ ಆಸುಪಾಸು ಬಂದರೆ ಲೆಕ್ಕ ಸರಿಯಾಗಿದೆ.